ಬ್ರೇಕು ಕೂಗುವುದು ಯಾವಾಗ?

"ಯಾವಾಗ ಕೂಗ್ತದೆ ಮೇಡಂ?"

ತೀರ್ಥಹಳ್ಳಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ ಇದು. ಕಾರಿನ ಒಡತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಎಂಟು ವರ್ಷ ಹಳೆಯ, ಅರವತ್ತು ಸಾವಿರ ಕಿಲೋಮೀಟರು ಓಡಿದ ಸಣ್ಣ ಕಾರನ್ನು ಶಿವಮೊಗ್ಗದಲ್ಲಿ ಕೊಂಡು ತಂದಿದ್ದರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ ಬ್ರೇಕು. ನಮ್ಮ ರಸ್ತೆಗಳ ಮೇಲಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ಬ್ರೇಕು ಕೂಗುತ್ತಿದೆ, ಪ್ಯಾಡ್ ಬದಲಾಯಿಸಿಡಿ ಎಂದು ಹೇಳಿ, ಕೀ ಕೊಟ್ಟು ಶಾಲೆಗೆ ಹೋಗುವುದೆಂದು ಅವರು ಅಂದುಕೊಂಡಿದ್ದರು.

"ಯಾವಾಗ ಅಂದ್ರೆ? ಬ್ರೇಕ್ ಒತ್ತಿದಾಗ."

"ಪ್ರತಿ ಸಲವೂ ಕೂಗ್ತದಾ, ಬೆಳಿಗ್ಗೆ ಹೊರಡುವಾಗ ಮಾತ್ರವಾ? ಮೆಲ್ಲಗೆ ಒತ್ತಿದಾಗಲಾ, ಜೋರಾಗಿ ಒತ್ತಿದಾಗಲಾ? ಒತ್ತದೇ ಇದ್ದಾಗ ಏನಾದರೂ ಕೇಳ್ತದಾ? ತಿರುವಿನಲ್ಲಿ? ರಿವರ್ಸಲ್ಲಿ?"

ಶಿಕ್ಷಕಿ ಸ್ವಲ್ಪ ಹೊತ್ತು ಯೋಚಿಸಿದರು. ಪ್ರಶ್ನೆ ಕೇಳುವ ಕ್ರಮ ಅವರಿಗೆ ಹಿಡಿಸಿತ್ತು. "ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗರಗರ ಅಂತದೆ, ಆಮೇಲೆ ಅದು ಇರೋದಿಲ್ಲ. ಇನ್ನೊಂದು ಸಣ್ಣಗೆ ಕೀಂ ಅಂತ. ನಿಧಾನ ಹೋಗ್ತಿರುವಾಗ ಬ್ರೇಕ್ ಮುಟ್ಟದಿದ್ದರೂ ಬರ್ತದೆ, ಮುಟ್ಟಿದರೆ ಕೆಲವು ಸಲ ನಿಂತೇ ಹೋಗ್ತದೆ. ಮೂರನೇದು ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಬಂದ ಮೇಲೆ ಶುರುವಾದದ್ದು. ನಿಲ್ಲಿಸುವಾಗ ಕೊನೆಯಲ್ಲಿ ಕಿರ್ರಂತ ಕಿರುಚ್ತದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡ್ತಾರೆ."

"ಹಾಗಾದರೆ ನಿಮ್ಮ ಕಾರಿನಲ್ಲಿ ಇರೋದು ಮೂರು ಸದ್ದು. ಮೂರಕ್ಕೂ ಒಂದೇ ಔಷಧಿ ಕೊಟ್ಟರೆ ನಾನು ಮೆಕ್ಯಾನಿಕ್ ಅಲ್ಲ. ಕೂತ್ಕೊಳ್ಳಿ, ಒಂದು ರೌಂಡ್ ಹೋಗಿ ಬರುವಾ."

ಹಳೆಯ ಕಾರಿನ ಬ್ರೇಕು ಪರೀಕ್ಷಿಸುವುದು ಕಿವಿಯಿಂದ ಶುರುವಾಗಬೇಕು. ಏಸಿ, ರೇಡಿಯೋ ಆರಿಸಿ, ನಾಲ್ಕೂ ಕಿಟಕಿ ಇಳಿಸಬೇಕು. ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಓಡಿಸಿದರೆ ಚಕ್ರದ ಸದ್ದು ಗೋಡೆಗೆ ಬಡಿದು ಹಿಂದಿರುಗಿ ಚೆನ್ನಾಗಿ ಕೇಳುತ್ತದೆ. ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಸ್ಟೇರಿಂಗನ್ನು ಹಗುರವಾಗಿ ಹಿಡಿದು ಬ್ರೇಕ್ ಹಾಕಿದರೆ ಕಾರು ಒಂದು ಕಡೆಗೆ ಎಳೆಯುತ್ತದೆಯೇ ಎಂಬುದೂ ತಿಳಿಯುತ್ತದೆ. ಈ ಕಾರು ತುಸು ಎಡಕ್ಕೆ ಎಳೆಯಿತು.

"ಕೂಗೋದೆಲ್ಲ ಬ್ರೇಕೇ ಅಂತ ಹೇಳಕ್ಕಾಗೋದಿಲ್ಲ" ಎಂದರು ಮೆಕ್ಯಾನಿಕ್. "ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೂಗಿದರೆ ಬೆಲ್ಟ್ ನೋಡಬೇಕು. ಹೊಂಡ ಹತ್ತಿಳಿಯುವಾಗ ಕಿರುಗುಟ್ಟಿದರೆ ಸಸ್ಪೆನ್ಷನ್ ಬುಷ್. ವೇಗಕ್ಕೆ ಸರಿಯಾಗಿ ಗುಂಯ್ ಅಂತ ಏರಿ, ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಡಿಸ್ಕಿನ ಹಿಂದೆ ಒಂದು ತಗಡು ಇರ್ತದಲ್ಲ, ಅದರ ಸಂದಿಯಲ್ಲಿ ಜಲ್ಲಿಚೂರು ಸಿಕ್ಕಿಕೊಂಡರೆ ಕಾರೇ ಬಿಚ್ಚಿಹೋಗ್ತದೇನೋ ಅನ್ನುವಷ್ಟು ಸದ್ದು. ತೆಗೆಯೋದು ಎರಡು ನಿಮಿಷದ ಕೆಲಸ. ಅದಕ್ಕೇ ಹೊಸ ಪ್ಯಾಡ್ ಹಾಕಿಸಿಕೊಂಡು ಬಂದವರನ್ನೂ ನೋಡಿದ್ದೇನೆ."

ಬೆಳಗಿನ ಗರಗರ ಸದ್ದಿನ ವಿಚಾರ ಬೇಗ ಮುಗಿಯಿತು. ಬ್ರೇಕಿನ ಡಿಸ್ಕು ಎರಕದ ಕಬ್ಬಿಣದ್ದು, ಪ್ಯಾಡ್ ಉಜ್ಜುವ ಮುಖಕ್ಕೆ ಬಣ್ಣ ಬಳಿಯಲು ಬರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಸುತ್ತಿನ ಈ ಸೀಮೆಯಲ್ಲಿ ಒಂದು ರಾತ್ರಿ ಹೊರಗೆ ನಿಂತ ಕಾರಿನ ಡಿಸ್ಕಿಗೆ ಬೆಳಗಾಗುವಷ್ಟರಲ್ಲಿ ತೆಳುವಾದ ತುಕ್ಕಿನ ಪೊರೆ ಬಂದಿರುತ್ತದೆ. ಮೊದಲ ಕೆಲವು ಬ್ರೇಕಿಗೆ ಪ್ಯಾಡು ಅದನ್ನು ಕೆರೆದು ಹಾಕುತ್ತದೆ, ಸದ್ದು ನಿಲ್ಲುತ್ತದೆ. ಇದು ದೋಷವಲ್ಲ. ಆದರೆ ವಾರಗಟ್ಟಲೆ ಓಡದೆ ನಿಂತ ಕಾರಿನಲ್ಲಿ ತುಕ್ಕು ಗುಳಿ ಬೀಳುವಷ್ಟು ಆಳಕ್ಕೆ ಇಳಿದಿರಬಹುದು, ಅದು ತಾನಾಗಿ ಹೋಗುವುದಿಲ್ಲ.

"ಮಳೆಗಾಲದಲ್ಲಿ ಇನ್ನೊಂದು ನೆನಪಿಟ್ಕೊಳ್ಳಿ ಮೇಡಂ. ಒದ್ದೆ ಕಾರಿಗೆ ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ಬಿಟ್ಟರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಹಿಡ್ಕೊಂಡು ಬಿಡ್ತದೆ. ಸಮತಟ್ಟು ಜಾಗವಾದರೆ ಗೇರಲ್ಲಿ ಹಾಕಿ, ಚಕ್ರಕ್ಕೊಂದು ಕಲ್ಲು ಕೊಡಿ. ಅಷ್ಟು ಸಾಕು."

ಗ್ಯಾರೇಜಿಗೆ ಮರಳಿದ ಮೇಲೆ ಕಾರನ್ನು ಜಾಕಿ ಹಾಕಿ ಎತ್ತಿದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಾಗಿತ್ತು, ಕಾರಿನಡಿಗೆ ಗಟ್ಟಿ ಸ್ಟ್ಯಾಂಡು ಬಂತು. ಬರೀ ಜಾಕಿಯ ಮೇಲೆ ನಿಂತ ಕಾರಿನಡಿಗೆ ಯಾರೂ ಕೈ ಹಾಕಬಾರದು. ಬಲಗಡೆಯ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸರಾಗವಾಗಿ ತಿರುಗಿತು. ಎಡಗಡೆಯದು ಅರ್ಧ ಸುತ್ತಿಗೇ ನಿಂತಿತು.

"ಹೊರಗಿನಿಂದ ನೋಡಿದರೆ ಪ್ಯಾಡ್ ಇನ್ನೂ ಚೆನ್ನಾಗಿದೆಯಲ್ಲ?" ಶಿಕ್ಷಕಿ ಬಗ್ಗಿ ನೋಡುತ್ತಾ ಕೇಳಿದರು.

"ಹೊರಗಿನಿಂದ ಕಾಣೋದು ಹೊರಗಿನ ಪ್ಯಾಡ್ ಮಾತ್ರ. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವವರು ಮೊಬೈಲ್ ಟಾರ್ಚ್ ಹಾಕಿ ಚಕ್ರದ ಸಂದಿಯಲ್ಲಿ ನೋಡಿ, ಪ್ಯಾಡ್ ದಪ್ಪ ಇದೆ ಅಂತ ಸಮಾಧಾನ ಮಾಡ್ಕೊಳ್ತಾರೆ. ಒಳಗಿಂದು ನೋಡಿ ಈಗ."

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ಎರಡನ್ನೂ ಅಕ್ಕಪಕ್ಕ ಇಟ್ಟಾಗ ವಿಷಯ ಸ್ಪಷ್ಟವಾಯಿತು. ಸಣ್ಣ ಕಾರಿನ ಹೊಸ ಪ್ಯಾಡಿನಲ್ಲಿ ಉಜ್ಜುವ ವಸ್ತು ಸುಮಾರು 10 ಮಿಲಿಮೀಟರ್ ದಪ್ಪವಿರುತ್ತದೆ. 3 ಮಿಲಿಮೀಟರಿಗೆ ಬಂತೆಂದರೆ ಬದಲಾಯಿಸುವ ಹೊತ್ತು. ಇಲ್ಲಿ ಹೊರಗಿನದು 7 ಮಿಲಿಮೀಟರ್ ಉಳಿದಿತ್ತು, ಒಳಗಿನದು 2. ಆ ಒಳಗಿನ ಪ್ಯಾಡಿನ ಅಂಚಿನಲ್ಲಿ ಸ್ಪ್ರಿಂಗಿನಂಥ ಸಣ್ಣ ಉಕ್ಕಿನ ನಾಲಿಗೆಯೊಂದಿತ್ತು, ಅದರ ತುದಿ ಉಜ್ಜಿ ಹೊಳೆಯುತ್ತಿತ್ತು.

"ನಿಮ್ಮ ಕೀಂ ಸದ್ದು ಇದೇ. ಕಂಪನಿಯವರು ಬೇಕೆಂದೇ ಇಟ್ಟಿರೋದು. ಪ್ಯಾಡ್ ತೇದು ತೇದು ಇಷ್ಟಕ್ಕೆ ಬಂದಾಗ ಈ ನಾಲಿಗೆ ಡಿಸ್ಕಿಗೆ ತಾಗಿ ಕೂಗ್ತದೆ. ಬ್ರೇಕ್ ಒತ್ತಿದಾಗ ಪ್ಯಾಡ್ ಬಿಗಿಯಾಗಿ ಕೂತು ಕೆಲವು ಸಲ ಸದ್ದು ನಿಲ್ತದೆ, ಬಿಟ್ಟಾಗ ಮತ್ತೆ ಶುರು. ನೀವು ಹೇಳಿದ್ದು ಸರಿಯಾಗೇ ಇತ್ತು."

"ಕೂಗಿದರೂ ಹಾಗೇ ಓಡಿಸಿದ್ದರೆ?"

"ಪ್ಯಾಡ್ ಮುಗಿದು, ಅದರ ಬೆನ್ನಿನ ಕಬ್ಬಿಣದ ಪ್ಲೇಟೇ ಡಿಸ್ಕಿಗೆ ಕೂರ್ತಿತ್ತು. ಆಗ ಕೀಂ ಅನ್ನೋದಿಲ್ಲ, ಕರಕರ ಅಂತ ಕಡಿತದೆ. ಕಾಲಿಗೇ ಗೊತ್ತಾಗ್ತದೆ. ಆ ಸದ್ದು ಬಂದ ಗಾಡಿಯನ್ನು ಓಡಿಸಿಕೊಂಡು ಬರಬೇಡಿ ಅಂತ ನಾನು ಫೋನಲ್ಲೇ ಹೇಳ್ತೇನೆ. ಇದ್ದಲ್ಲಿಗೆ ಹುಡುಗನನ್ನು ಕಳಿಸ್ತೇನೆ."

ಒಂದೇ ಚಕ್ರದಲ್ಲಿ ಒಂದು ಪ್ಯಾಡು ಏಳು, ಇನ್ನೊಂದು ಎರಡು ಯಾಕಾಯಿತು? ಪ್ಯಾಡು ಬದಲಾಯಿಸುವವನಿಗೂ ರೋಗ ಹುಡುಕುವವನಿಗೂ ವ್ಯತ್ಯಾಸ ಕಾಣುವುದು ಈ ಪ್ರಶ್ನೆಯಲ್ಲಿ. ಸಣ್ಣ ಕಾರುಗಳ ಕ್ಯಾಲಿಪರಿನಲ್ಲಿ ಸಾಮಾನ್ಯವಾಗಿ ಒಂದೇ ಪಿಸ್ಟನ್ ಇರುತ್ತದೆ, ಅದೂ ಒಳಮಗ್ಗುಲಿಗೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಆಚೆಯಿಂದ ಎಳೆದು ತಂದು ಒತ್ತಬೇಕು. ಪಿನ್ನು ಜಾರದಿದ್ದರೆ ಹೊರಗಿನ ಪ್ಯಾಡು ಬಹುಮಟ್ಟಿಗೆ ಸುಮ್ಮನೆ ಕೂತಿರುತ್ತದೆ, ದುಡಿಮೆಯೆಲ್ಲ ಒಳಗಿನದರ ಪಾಲಿಗೆ. ಬ್ರೇಕ್ ಬಿಟ್ಟ ಮೇಲೂ ಕ್ಯಾಲಿಪರ್ ಸರಿಯಾಗಿ ಸಡಿಲವಾಗುವುದಿಲ್ಲ. ಚಕ್ರ ಹಿಡಿದದ್ದು, ಕಾರು ಎಡಕ್ಕೆ ಎಳೆದದ್ದು, ಪ್ಯಾಡು ಬೇಗ ತೇದದ್ದು, ಮೂರಕ್ಕೂ ಈ ಪಿನ್ನೇ ಕಾರಣ.

ಪಿನ್ನಿನ ರಬ್ಬರ್ ಬೂಟು ಒಂದು ಕಡೆ ಹರಿದಿತ್ತು. ನೀರು ಒಳಗೆ ಹೋಗಿ ಗ್ರೀಸು ಒಣಗಿ, ಪಿನ್ನು ತುಕ್ಕು ಹಿಡಿದು ಬಿಗಿದುಕೊಂಡಿತ್ತು.

"ಅಣ್ಣಾ, ನಾನು ಹೇಳಿದ ಹಾಗೆ ಬರೀ ಪ್ಯಾಡ್ ಹಾಕಿ ಕಳಿಸಿದ್ದರೆ ಏನಾಗ್ತಿತ್ತು?"

"ಸದ್ದು ಅವತ್ತೇ ನಿಲ್ತಿತ್ತು. ನೀವೂ ಖುಷಿಯಾಗಿ ಹೋಗ್ತಿದ್ರಿ. ಎಡಗಡೆ ಒಳಗಿನ ಪ್ಯಾಡ್ ಇನ್ನೊಂದು ಸಲ ಬೇಗ ಮುಗೀತಿತ್ತು. ಹಿಂದಿನವರು ಹಾಗೇ ಮಾಡಿರಬೇಕು. ನೋಡಿ, ಪ್ಯಾಡ್ ಹೊಸ ಮಾದರಿಯದು, ಬೂಟು ಮಾತ್ರ ಗಾಡಿಯಷ್ಟೇ ಹಳೇದು. ಪ್ಯಾಡಿನ ಬೆನ್ನಿಗೆ ಬರಬೇಕಾದ ಶಿಮ್ ಕೂಡ ಇಲ್ಲ."

ಶಿಮ್ ಎಂದರೆ ಪ್ಯಾಡಿನ ಬೆನ್ನಿಗೂ ಪಿಸ್ಟನ್ನಿಗೂ ನಡುವೆ ಕೂರುವ ತೆಳು ಹಾಳೆ. ಕಂಪನವನ್ನು ಅಡಗಿಸುವುದು ಅದರ ಕೆಲಸ. ತುಕ್ಕು ಹಿಡಿದಿದೆಯೆಂದೋ, ಕೂರಿಸುವುದು ರಗಳೆಯೆಂದೋ ಕೆಲವರು ಅದನ್ನು ಎಸೆದುಬಿಡುತ್ತಾರೆ. ಪ್ಯಾಡು ಅಲುಗದಂತೆ ಹಿಡಿಯುವ ಕ್ಲಿಪ್ಪುಗಳಿಗೂ ಇದೇ ಗತಿ. ಬ್ರೇಕ್ ಹಿಡಿಯುವುದರಲ್ಲಿ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಅವು ಇಲ್ಲದ್ದು ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಕೂಗು ಮಾತ್ರ ಉಳಿಯುತ್ತದೆ.

ಕೂಗು ಹುಟ್ಟುವುದು ಹೇಗೆಂದು ವಿವರಿಸುವ ಸರದಿ ಈಗ ಶಿಕ್ಷಕಿಯದಾಯಿತು. "ಬೋರ್ಡಿನ ಮೇಲೆ ಸೀಮೆಸುಣ್ಣ ಕಿರುಚುವುದೂ ಹೀಗೇ. ಅಂಟಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಹೀಗಾದರೆ ನಮ್ಮ ಕಿವಿಗೆ ಅದು ಕಿರುಚಾಟ. ಇಲ್ಲಿ ಡಿಸ್ಕ್ ಅಗಲವಾದ ಲೋಹದ ತಟ್ಟೆ. ಅದೂ ಅದರ ಜೊತೆ ಅದುರಿ ಸದ್ದನ್ನು ಹರಡ್ತದೆ."

ಡಿಸ್ಕ್ ಬ್ರೇಕಿಗೆ ಈ ಕೂಗು ಹುಟ್ಟಿನಿಂದಲೇ ಬಂದದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರು ತಯಾರಿಸುತ್ತಿದ್ದ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಅವರ ಬ್ರೇಕಿನಲ್ಲಿ ಡಿಸ್ಕನ್ನು ಉಜ್ಜುತ್ತಿದ್ದದ್ದು ತಾಮ್ರ. ಲೋಹಕ್ಕೆ ಲೋಹ ತಾಗಿ ಅದು ಸಹಿಸಲಾಗದಷ್ಟು ಕಿರುಚುತ್ತಿತ್ತು, ಬೇಗ ಸವೆಯುತ್ತಲೂ ಇತ್ತು. ಬ್ರೇಕ್ ಲೈನಿಂಗ್ ತಯಾರಕ ಹರ್ಬರ್ಟ್ ಫ್ರೂಡ್ 1907ರಲ್ಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಲೈನಿಂಗನ್ನು ಮುಂದಿಟ್ಟ ಮೇಲೆ ಸದ್ದು ಇಳಿಯಿತು. ಡಿಸ್ಕ್ ಬ್ರೇಕು ಜಗತ್ತಿನ ಗಮನ ಸೆಳೆದದ್ದು ಇನ್ನೂ ತಡವಾಗಿ. 1953ರಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಕಾರು ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಯ ಓಟವನ್ನು ಗೆದ್ದಾಗ.

ಸದ್ದಡಗಿಸಿದ ಕಲ್ನಾರು ಮಾತ್ರ ಬೇರೊಂದು ಬೆಲೆ ಕೇಳಿತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದೆಂದು ತಿಳಿಯಿತು. ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಹಳೆಯ ಗಾಡಿಯ ಶೂಗಳಲ್ಲಿ, ಯಾವ ಹೆಸರೂ ಇಲ್ಲದ ಅಗ್ಗದ ಲೈನಿಂಗುಗಳಲ್ಲಿ ಏನಿದೆಯೆಂದು ಬರಿಗಣ್ಣಿಗೆ ಹೇಳಲಾಗದು. ಈ ಗ್ಯಾರೇಜಿನಲ್ಲಿ ಹಿಂದಿನ ಡ್ರಮ್ ಕಳಚಿದಾಗ ಕರಿ ಧೂಳು ತುಂಬಿತ್ತು. ಕೆಲಸದ ಹುಡುಗ ಏರ್ ಪೈಪ್ ಎತ್ತಿಕೊಂಡ.

"ಏರ್ ಹೊಡೀಬೇಡ ಮಾರಾಯ! ಒದ್ದೆ ಬಟ್ಟೆಯಲ್ಲಿ ಒರೆಸು. ಮೂಗಿಗೆ ಬಟ್ಟೆ ಕಟ್ಟು ಮೊದಲು."

ರಾಜ್ಯದ ಎಷ್ಟೋ ಗ್ಯಾರೇಜುಗಳಲ್ಲಿ ದಿನವೂ ಬ್ರೇಕಿನ ಧೂಳಿಗೆ ಗಾಳಿ ಹೊಡೆಯುತ್ತಾರೆ. ಅದನ್ನು ಉಸಿರಾಡುವವರು ಬಹುಪಾಲು ಎಳೆಯ ಹುಡುಗರು. ನಮ್ಮ ಕಾರಿನ ಕೂಗು ನಿಲ್ಲಿಸಲು ಅವರ ಎದೆಗೂಡು ತೆರುವುದು ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ಎಂದು ಕಾರಿನವರು ನಿಂತು ಹೇಳಬೇಕು, ಐದು ನಿಮಿಷ ಹೆಚ್ಚು ಹಿಡಿದರೂ ಕಾಯಬೇಕು. ಡ್ರಮ್ಮಿನೊಳಗೆ ಸಿಕ್ಕ ದೋಷ ಸಣ್ಣದು: ಶೂ ಒರಗಿ ಜಾರುವ ಜಾಗ ಒಣಗಿತ್ತು. ಅಲ್ಲಿಗೆ ತುಸುವೇ ಗ್ರೀಸ್ ಸಾಕು. ಶೂವಿನ ಮುಖಕ್ಕೆ ಒಂದು ಹನಿಯೂ ತಾಗಬಾರದು.

ಬಲಗಡೆಯ ಮುಂಚಕ್ರದಲ್ಲಿ ಮೂರನೆಯ ಸದ್ದಿನ ಗುರುತು ಸಿಕ್ಕಿತು. ಪ್ಯಾಡುಗಳು ಸಮವಾಗಿ ತೇದಿದ್ದವು, ದಪ್ಪವೂ ಸಾಕಷ್ಟಿತ್ತು. ಆದರೆ ಅವುಗಳ ಮುಖ ಗಾಜಿನಂತೆ ಹೊಳೆಯುತ್ತಿತ್ತು.

"ಇದು ಸುಟ್ಟ ಪ್ಯಾಡ್. ಘಾಟಿಯನ್ನು ಯಾವ ಗೇರಲ್ಲಿ ಇಳಿದ್ರಿ?"

"ನಾಲ್ಕರಲ್ಲಿ ಇರಬೇಕು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದೆ."

ಶಿಕ್ಷಕಿ ಕೈಲಿದ್ದ ರಸೀದಿಯ ಹಿಂದೆ ಲೆಕ್ಕ ಹಾಕಲು ಶುರುಮಾಡಿದರು. ಜನರೊಂದಿಗೆ ಕಾರಿನ ತೂಕ 1,000 ಕಿಲೋ. ಇಳಿತ 500 ಮೀಟರ್ ಎಂದು ಹಿಡಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 49 ಲಕ್ಷ ಜೂಲ್. ಬ್ರೇಕಿನಿಂದಲೇ ಇಳಿದರೆ ಇದರಲ್ಲಿ ಹೆಚ್ಚಿನ ಪಾಲು ಶಾಖವಾಗಿ ಸೇರುವುದು ಮುಂದಿನ ಎರಡು ಡಿಸ್ಕಿಗೆ. ಒಂದೊಂದೂ 5 ಕಿಲೋ ತೂಗಿದರೆ, ಗಾಳಿಗೆ ಒಂದಿಷ್ಟೂ ಶಾಖ ಹೋಗದಿದ್ದರೆ, ಅವುಗಳ ಉಷ್ಣತೆ ಸಾವಿರ ಡಿಗ್ರಿಯ ಹತ್ತಿರ ಏರಬೇಕು. ನಿಜದಲ್ಲಿ ಗಾಳಿ ತಣಿಸುತ್ತದೆ, ಎಂಜಿನ್ನು ಒಂದು ಪಾಲು ಹೊರುತ್ತದೆ, ಹಿಂದಿನ ಡ್ರಮ್ಮೂ ಹಂಚಿಕೊಳ್ಳುತ್ತದೆ. ಆದರೂ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಬಿಡುವಿಲ್ಲದೆ ಬ್ರೇಕ್ ಒತ್ತಿ ಇಳಿದರೆ ಪ್ಯಾಡಿನ ಮುಖ ಬೆಂದು ಗಟ್ಟಿಯಾಗಲು ಬೇಕಾದ ಬಿಸಿ ಧಾರಾಳವಾಗಿ ಸಿಗುತ್ತದೆ. ಹಾಗೆ ಗಟ್ಟಿಯಾದ ಪ್ಯಾಡು ಕಡಿಮೆ ಹಿಡಿಯುತ್ತದೆ, ಹೆಚ್ಚು ಕೂಗುತ್ತದೆ.

"ನೀವು ಲೆಕ್ಕದಲ್ಲಿ ಹೇಳಿದ್ರಿ, ನಮ್ಮಲ್ಲಿ ಮಾತಲ್ಲಿ ಹೇಳ್ತೇವೆ: ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡೀಬೇಕು. ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ, ಬಿಟ್ಟುಬಿಡಬೇಕು."

"ಎಮ್ರಿ ಪೇಪರಲ್ಲಿ ಉಜ್ಜಿದರೆ ಹೊಳಪು ಹೋಗೋದಿಲ್ವಾ?"

"ಮೇಲುಮೇಲೆ ಆಗಿದ್ದರೆ ಹೋಗ್ತದೆ. ಆಳಕ್ಕೆ ಬೆಂದಿದ್ದರೆ ಎರಡು ವಾರ ಸುಮ್ಮನಿದ್ದು ಮತ್ತೆ ಕೂಗ್ತದೆ. ಎಡಕ್ಕೆ ಹೊಸದು ಹಾಕಲೇಬೇಕು. ಎಡಕ್ಕೊಂದು ಬಲಕ್ಕೊಂದು ಥರದ ಪ್ಯಾಡ್ ಹಾಕಬಾರದು, ಗಾಡಿ ಎಳೀತದೆ. ಹಾಗಾಗಿ ಎರಡೂ ಕಡೆ ಹೊಸದು."

ಡಿಸ್ಕನ್ನು ಎಸೆಯಬೇಕಾಗಿ ಬರಲಿಲ್ಲ. ಡಿಸ್ಕ್ ಕನಿಷ್ಠ ಎಷ್ಟು ದಪ್ಪವಿರಬೇಕೆಂಬ ಅಂಕಿ ಸಾಮಾನ್ಯವಾಗಿ ಅದರ ಮೇಲೇ ಅಚ್ಚೊತ್ತಿರುತ್ತದೆ. ಮೆಕ್ಯಾನಿಕ್ ವರ್ನಿಯರ್ ತಂದು, ಅಂಚಿನ ದಿಬ್ಬ ಬಿಟ್ಟು ನಾಲ್ಕಾರು ಕಡೆ ಅಳೆದರು. ಎಲ್ಲ ಕಡೆಯೂ ಆ ಅಂಕಿಗಿಂತ ಹೆಚ್ಚಿತ್ತು. ಅಳೆಯದೆ ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸಿದರೆ ಇವತ್ತು ನುಣುಪಾಗಿ ಕಾಣುತ್ತದೆ, ಮುಂದಿನ ಘಾಟಿಯಲ್ಲಿ ಇನ್ನೂ ಬೇಗ ಬಿಸಿಯಾಗುತ್ತದೆ.

ಕೊನೆಗೆ ಅವರು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರು. ಆಯಿಲ್ ಮೇಲಿನ ಗೆರೆಯವರೆಗೂ ಇತ್ತು, ಬಣ್ಣ ಮಾತ್ರ ಕಷಾಯದಂತೆ ಕಪ್ಪಗಿತ್ತು.

"ಫುಲ್ ಇದೆಯಲ್ಲ ಅಣ್ಣಾ, ಒಳ್ಳೆಯದೇ ಅಲ್ವಾ?"

"ಅದೇ ನನಗೆ ಅನುಮಾನ. ಪ್ಯಾಡ್ ತೇದ ಹಾಗೆ ಪಿಸ್ಟನ್ ಮುಂದೆ ಬರ್ತದೆ, ಆ ಜಾಗಕ್ಕೆ ಆಯಿಲ್ ಇಳೀತದೆ. ಪ್ಯಾಡ್ 2 ಮಿಲಿಮೀಟರಿಗೆ ಬಂದ ಗಾಡಿಯಲ್ಲಿ ಆಯಿಲ್ ಕೆಳಗಿರಬೇಕಿತ್ತು. ಯಾರೋ ಮೇಲಿಂದ ಸುರಿದಿದ್ದಾರೆ. ಹಳೇದು ಹಾಗೇ ಇದೆ."

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. 3.7 ಶೇಕಡದಷ್ಟು ನೀರು ಸೇರಿದರೆ 155 ಡಿಗ್ರಿಗೇ ಅದು ಕುದಿಯಬಹುದು. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140. ಕುದಿದಾಗ ಏಳುವ ಆವಿಯ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆ, ಪೆಡಲು ತಳ ಮುಟ್ಟುತ್ತದೆ, ಚಕ್ರಕ್ಕೆ ಒತ್ತಡ ಮುಟ್ಟುವುದಿಲ್ಲ. ಘಾಟಿಯ ಕೆಳಗಿನ ತಿರುವಿನಲ್ಲಿ ಹೀಗಾಗುವುದಕ್ಕೆ ಮುಂಚೆ ಯಾವ ಕೀಂ, ಯಾವ ಗರಗರವೂ ಕೇಳಿಸುವುದಿಲ್ಲ. ಶಿಕ್ಷಕಿಯ ಕಾರಿನಲ್ಲಿ ಅತಿ ದೊಡ್ಡ ಅಪಾಯ ಇದ್ದದ್ದು ಸದ್ದೇ ಮಾಡದ ಈ ಡಬ್ಬಿಯಲ್ಲಿ. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆದು ಹೊಸದು ತುಂಬಿ, ಏರ್ ತೆಗೆಸಬೇಕು. ಹಳೆಯ ಕಾರು ಕೊಂಡವರು, ಹಿಂದಿನ ಬಿಲ್ಲು ಕೈಲಿ ಇಲ್ಲದಿದ್ದರೆ, ಇದನ್ನು ಮೊದಲ ವಾರದಲ್ಲೇ ಮಾಡಿಸಬೇಕು.

ಸಂಜೆಗೆ ಕೆಲಸ ಮುಗಿಯಿತು. ಎರಡೂ ಕಡೆ ಶಿಮ್ ಸಮೇತ ಹೊಸ ಪ್ಯಾಡು, ಎಡಗಡೆಗೆ ಹೊಸ ಪಿನ್ನು ಮತ್ತು ಬೂಟು. ಪಿನ್ನಿಗೆ ಹಚ್ಚಿದ್ದು ಬಿಸಿ ತಡೆಯುವ ಸಿಲಿಕೋನ್ ಗ್ರೀಸು. ಚಕ್ರದ ಬೇರಿಂಗಿಗೆ ಬಳಸುವ ಮಾಮೂಲಿ ಗ್ರೀಸು ಈ ರಬ್ಬರನ್ನು ಉಬ್ಬಿಸಿ ಮತ್ತೆ ಪಿನ್ನನ್ನು ಬಿಗಿಯುತ್ತದೆ.

"ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವ ತನಕ ಸ್ವಲ್ಪ ಸದ್ದು ಬಂದೀತು, ಹೆದರಬೇಡಿ. ಖಾಲಿ ರಸ್ತೆಯಲ್ಲಿ ಐವತ್ತರಲ್ಲಿ ಹೋಗಿ, ಹದವಾಗಿ ಬ್ರೇಕ್ ಒತ್ತಿ ಹತ್ತಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ದೂರ ಆರಲು ಬಿಟ್ಟು ಮತ್ತೆ ಹಾಗೇ. ಎಂಟು ಹತ್ತು ಸಲ ಮಾಡಿದರೆ ಕೂತ್ಕೊಳ್ತದೆ. ಮತ್ತೆ ಸದ್ದು ಬಂದರೆ ಯಾರಾದರೂ ಎಣ್ಣೆ ಸ್ಪ್ರೇ ಹೊಡೀರಿ ಅಂತಾರೆ. ಹೊಡೆದರೆ ಸದ್ದು ಹೋಗ್ತದೆ, ಬ್ರೇಕೂ ಹೋಗ್ತದೆ."

"ಈ ಕಾರಲ್ಲಿ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಇಲ್ಲ ಅಲ್ವಾ?"

"ಇಲ್ಲ. 2019ರ ಏಪ್ರಿಲ್‌ನಿಂದ ಈಚೆಗೆ ಬಂದ ಹೊಸ ಕಾರುಗಳಿಗೆ ಕಡ್ಡಾಯ ಆಯ್ತು. ಅದಿದ್ದ ಗಾಡಿಯಲ್ಲಿ ಗಟ್ಟಿಯಾಗಿ ಒತ್ತಿದಾಗ ಪೆಡಲು ಕಟಕಟ ಅಂತ ಅದುರ್ತದೆ, ಅದು ದೋಷ ಅಲ್ಲ. ನಿಮ್ಮದು ಜಾರುವ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗ್ತದೆ. ಮಳೆಯಲ್ಲಿ ಮುಂದಿನ ಗಾಡಿಯಿಂದ ದೂರ ಇರಿ."

ಹಳೆಯ ಕಾರು ಕೊಳ್ಳಲು ಹೊರಟವರು ಬಣ್ಣ, ಸೀಟು, ಮೀಟರು ನೋಡುವ ಮುಂಚೆ ಚಕ್ರ ಬಿಚ್ಚಿಸಿ ಒಳಗಿನ ಪ್ಯಾಡನ್ನೂ ನೋಡಲಿ, ಬ್ರೇಕ್ ಆಯಿಲಿನ ಬಣ್ಣ ನೋಡಲಿ. ಮಾರುವವರು ಒಪ್ಪದಿದ್ದರೆ ಆ ಕಾರನ್ನು ಬಿಡಲಿ. ಈಗಾಗಲೇ ಕೊಂಡವರು ಬ್ರೇಕು ಕೂಗಿದಾಗ ಅದು ಯಾವಾಗ, ಯಾವ ಕಡೆಯಿಂದ, ಒತ್ತಿದಾಗಲೋ ಬಿಟ್ಟಾಗಲೋ ಎಂದು ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗಲಿ. ತೆಗೆದ ಹಳೆಯ ಪ್ಯಾಡುಗಳನ್ನು ಕೇಳಿ ಪಡೆದು, ಒಳಗಿನದು ಹೊರಗಿನದು ಸಮವಾಗಿ ತೇದಿವೆಯೇ ಎಂದು ಕಣ್ಣಾರೆ ನೋಡಲಿ. ತೇದಿಲ್ಲವಾದರೆ ಕಾರಣ ಕೇಳಿ, ಅದನ್ನು ಸರಿಪಡಿಸಿಕೊಂಡೇ ಕಾರು ಹೊರಗೆ ತರಲಿ.